ನಿಮ್ಮ ಮನೆ ಕಂಪ್ಯೂಟರ್‌ನಲ್ಲಿ ಓಣಿಯೇ ಕೂತಿದೆ



ಯಾದಗಿರಿ ಜಿಲ್ಲೆ, ಸುರಪುರ ತಾಲೂಕಿನ ಬೋನಾಳದಿಂದ ಒಂದು ಪ್ರಶ್ನೆ ಬಂದಿದೆ. ಪಕ್ಷಿಧಾಮ ಇದೆಯಲ್ಲ, ದೊಡ್ಡ ಕೆರೆ, ಚಳಿಗಾಲ ಬಂತೆಂದರೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು ಇಳಿಯುತ್ತವೆ, ಅದೇ ಬೋನಾಳ. ಕೇಳಿದವರು ಹೆಸರು ಹೇಳಬೇಡಿ ಅಂದಿದ್ದಾರೆ. ಹೇಳೋದಿಲ್ಲ. ಪ್ರಶ್ನೆಯನ್ನು ಮಾತ್ರ ಅವರ ಮಾತಿನಲ್ಲೇ ಓದ್ತೀನಿ. "ಸರ್, ವೈರಸ್ಸು, ಸ್ಪೈವೇರು ಅಂತ ಟಿವ್ಯಾಗ ಭಾಳ ಹೆದರಸ್ತೀರಿ. ನಮ್ಮ ಮನ್ಯಾಗಿನ ಕಂಪ್ಯೂಟರ್‌ದಾಗ ಏನದ ಅಂತ ಕಳ್ಳ ಬರ್ತಾನ್ರಿ? ಮಗಳ ಕಾಲೇಜಿನ ನೋಟ್ಸ್ ಅದಾವ, ಎರಡು ಸಿನಿಮಾ ಅದಾವ, ಮದುವಿ ಫೋಟೋ ಅದಾವ. ಅಷ್ಟ."

ಒಳ್ಳೆ ಪ್ರಶ್ನೆ. ಬೋನಾಳದವರು ಬಾಯಿಬಿಟ್ಟು ಕೇಳಿದ್ದಾರೆ, ಬೆಂಗಳೂರಿನವರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ. ನಮ್ಮ ಹತ್ರ ಏನಿದೆ ಕದಿಯೋಕೆ? ಉತ್ತರ ಹೇಳ್ತೀನಿ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಕಂಪ್ಯೂಟರ್ ಆನ್ ಮಾಡಿ, 'ಡೌನ್‌ಲೋಡ್ಸ್' ಅಂತ ಒಂದು ಫೋಲ್ಡರ್ ಇರುತ್ತೆ ನೋಡಿ, ಅದನ್ನ ತೆಗೀರಿ.

ಏನೇನಿದೆ ಅಲ್ಲಿ? ನಿಮ್ಮ ಆಧಾರ್ ಕಾರ್ಡು. ಸರಿ, ನಿಮ್ಮದೇ. ಅದರ ಕೆಳಗೆ? ಪಕ್ಕದ ಮನೆ ಕಾಕಾನ ಆಧಾರ್. ಅವರ ಹೊಲದ ಪಹಣಿ. ಎದುರು ಮನೆ ಹುಡುಗಿಯ ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ. ಇನ್ಯಾರದೋ ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ. ಓಣಿಯಲ್ಲಿ ಒಂದೇ ಒಂದು ಮನೆಯಲ್ಲಿ ಕಂಪ್ಯೂಟರು, ಪ್ರಿಂಟರು ಇದ್ದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಬೆಳೆ ವಿಮೆ ಬಂತು, ಪಿಂಚಣಿ ಬಂತು, ಗೃಹಲಕ್ಷ್ಮಿ ಬಂತು, ಎಲ್ಲರೂ ಅಲ್ಲಿಗೇ. "ತಮ್ಮಾ, ಇದೊಂದು ಪ್ರಿಂಟ್ ತಗದು ಕೊಡೋ." ವಾಟ್ಸಾಪ್‌ನಲ್ಲಿ ಕಳಿಸ್ತಾರೆ, ನೀವು ಕಂಪ್ಯೂಟರ್‌ಗೆ ಇಳಿಸ್ತೀರಿ, ಪ್ರಿಂಟ್ ತೆಗೆದು ಕೊಡ್ತೀರಿ. ಕಾಗದ ತಗೊಂಡು ಅವರು ಮನೆಗೆ ಹೋಗ್ತಾರೆ. ಫೈಲು ಮಾತ್ರ ನಿಮ್ಮ ಮನೆಯಲ್ಲೇ ಉಳಿಯುತ್ತೆ.

ಇದೇ ಇವತ್ತು ನಾನು ಹೇಳಬೇಕಾದ ಮಾತು. ಹಳ್ಳಿಯ ಮನೆಯ ಕಂಪ್ಯೂಟರ್ ಒಂದು ಮನೆಯದ್ದಲ್ಲ. ಅದರೊಳಗೆ ಇಡೀ ಓಣಿ ಕೂತಿದೆ. ನೀವು ಬಾಗಿಲು ತೆರೆದಿಟ್ಟರೆ ಕಳುವಾಗೋದು ನಿಮ್ಮ ಸಿನಿಮಾ ಅಲ್ಲ, ನಿಮ್ಮನ್ನ ನಂಬಿ ಕಾಗದ ಕೊಟ್ಟವರ ಬದುಕು.

ಕೆರೆ ಇರೋ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ಏರಿಗೆ ಎಲ್ಲೋ ಒಂದು ಏಡಿ ತೂತು ಕೊರೆದಿರುತ್ತೆ, ಇಲಿ ಬಿಲ ಮಾಡಿರುತ್ತೆ. ನೀರು ಸಣ್ಣಗೆ ಜಿನುಗೋಕೆ ಶುರುವಾಗುತ್ತೆ. ನೋಡಿದವನು "ನನ್ನ ಹೊಲಕ್ಕೇನು" ಅಂತ ಹೋದರೆ, ಏರಿ ಒಡೆದ ದಿನ ಕೆಳಗಿನ ಎಲ್ಲರ ಹೊಲವೂ ಹೋಗುತ್ತೆ.

ಈಗ ಕಳ್ಳನ ವಿಷಯಕ್ಕೆ ಬರೋಣ. ವೈರಸ್ ಬೇರೆ, ಸ್ಪೈವೇರ್ ಬೇರೆ. ವೈರಸ್ ಒಂದು ಫೈಲಿನಿಂದ ಇನ್ನೊಂದಕ್ಕೆ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಬ್ಬೋ ರೋಗ. ಕಂಪ್ಯೂಟರ್ ನಿಧಾನ ಆಯ್ತು, ಫೋಲ್ಡರ್ ಮಾಯ ಆಯ್ತು ಅಂದಾಗ ಬಂದಿದೆ ಅಂತ ಗೊತ್ತಾಗುತ್ತೆ. ಸ್ಪೈವೇರ್ ಹಾಗಲ್ಲ. ಅದು ಗೂಢಚಾರ. ಸದ್ದು ಮಾಡೋದೇ ಇಲ್ಲ. ನೀವು ಒತ್ತಿದ ಒಂದೊಂದು ಅಕ್ಷರ ಬರೆದುಕೊಳ್ಳುತ್ತೆ, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನ ಬಳಿದುಕೊಳ್ಳುತ್ತೆ, ಪರದೆಯ ಚಿತ್ರ ತೆಗೆದು ಎಲ್ಲಿಗೋ ಕಳಿಸುತ್ತೆ. ಮೂರನೆಯದೂ ಒಂದಿದೆ. ನಿಮ್ಮ ಕಂಪ್ಯೂಟರನ್ನೇ ಆಳು ಮಾಡಿಕೊಂಡು, ಅದರಿಂದ ಬೇರೆಯವರ ಮೇಲೆ ದಾಳಿ ಮಾಡಿಸೋದು. ಅಂಥ ಆಳುಗಳ ದಂಡಿಗೆ ಬಾಟ್‌ನೆಟ್ ಅಂತಾರೆ. ಹಾಗಾಗಿ "ನನ್ನ ಹತ್ರ ಏನೂ ಇಲ್ಲ" ಅನ್ನೋ ಮಾತೇ ತಪ್ಪು. ಏನೂ ಇಲ್ಲದಿದ್ದರೂ ಕಂಪ್ಯೂಟರ್ ಇದೆಯಲ್ಲ? ಇಂಟರ್‌ನೆಟ್ ಇದೆಯಲ್ಲ? ಕಳ್ಳನಿಗೆ ಅಷ್ಟು ಸಾಕು.

ಇದು ಇವತ್ತಿನ ಕಥೆಯೂ ಅಲ್ಲ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು 'ಬ್ರೈನ್' ಅಂತ ಒಂದು ವೈರಸ್ ಬರೆದರು. ತಮ್ಮ ಸಾಫ್ಟ್‌ವೇರ್ ಕದ್ದು ನಕಲು ಮಾಡುವವರನ್ನ ಹಿಡಿಯೋಕೆ ಅಂತ ಹೇಳಿಕೊಂಡರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಬರೆದಿಟ್ಟಿದ್ದರು! ಕೈಯಿಂದ ಕೈಗೆ ಹೋಗೋ ಫ್ಲಾಪಿಗಳಲ್ಲಿ ಅದು ದೇಶ ದೇಶ ಸುತ್ತಿತು. ಇವತ್ತಿನ ಕಳ್ಳ ವಿಳಾಸ ಬರೆಯೋದಿಲ್ಲ. ಫ್ಲಾಪಿ ಜಾಗಕ್ಕೆ ಪೆನ್‌ಡ್ರೈವ್ ಬಂದಿದೆ, ಅಷ್ಟೇ.

2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಅಂತ ಒಂದು ಇ-ಮೇಲ್ ಬಂತು. ಜೊತೆಗೊಂದು ಪ್ರೇಮಪತ್ರ. ನೋಡೋಕೆ ಸಾದಾ ಪಠ್ಯದ ಫೈಲು, ಬಾಲದಲ್ಲಿ ಬೇರೆಯೇ ಇತ್ತು. ಜನ ತೆರೆದರು. ಫಿಲಿಪ್ಪೀನ್ಸ್‌ನಿಂದ ಹೊರಟ ಅದು ಒಂದೆರಡು ದಿನದಲ್ಲಿ ಜಗತ್ತು ಸುತ್ತಿತು. ಬರೆದ ಹುಡುಗ ಸಿಕ್ಕಿದ, ಆದರೆ ಅದಕ್ಕೆ ಶಿಕ್ಷೆ ಕೊಡುವ ಕಾನೂನೇ ಆ ದೇಶದಲ್ಲಿ ಆಗ ಇರಲಿಲ್ಲ. ನಮ್ಮಲ್ಲಿ ಅದೇ ವರ್ಷ ಅಕ್ಟೋಬರ್ 17ರಿಂದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂತು. ಇನ್ನೊಬ್ಬರ ಕಂಪ್ಯೂಟರ್‌ಗೆ ಮೋಸದಿಂದ ವೈರಸ್ ಬಿಟ್ಟರೆ ಇವತ್ತು 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಾನೂನು ಇದೆ. ಹಿಡಿಯೋದು ಯಾರನ್ನ, ಎಲ್ಲಿಂದ ಅನ್ನೋದೇ ಪ್ರಶ್ನೆ.

ಇನ್ನು 2017ರ ಮೇ 12. 'ವಾನಾಕ್ರೈ'. ಕಂಪ್ಯೂಟರ್‌ನಲ್ಲಿದ್ದ ಫೈಲುಗಳಿಗೆಲ್ಲ ಬೀಗ ಹಾಕಿ, ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೊಟ್ಟರೆ ಬೀಗ ತೆಗೀತೀನಿ ಅಂತ ಹೆದರಿಸಿದ ವೈರಸ್. 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ನಿಂತವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನ ವಾಪಸ್ ಕಳಿಸಿದವು. ನಮ್ಮ ನೆರೆಯ ಆಂಧ್ರದ ಪೊಲೀಸರ ಕಂಪ್ಯೂಟರ್‌ಗಳಿಗೂ ಅದು ತಾಗಿತು. ಅದು ನುಗ್ಗಿದ ಕಿಂಡಿಯನ್ನ ಮುಚ್ಚೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಮುಂಚೆ! ಹಾಕಿಕೊಂಡವರು ಉಳಿದರು. "ಆಮೇಲೆ ನೆನಪಿಸು" ಅಂತ ಒತ್ತಿದವರು ಅತ್ತರು.

ದೊಡ್ಡವರ ಮನೆಗೆ ಬರೋ ಗೂಢಚಾರ ಬೇರೆ. 2021ರಲ್ಲಿ ಪೆಗಾಸಸ್ ವಿಷಯ ಎದ್ದಾಗ, 2019ರಲ್ಲಿ ನಮ್ಮ ರಾಜ್ಯದ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ್ ಅವರ ನಂಬರೂ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿತ್ತು ಅಂತ ವರದಿಯಾಯಿತು. ಸುಪ್ರೀಂ ಕೋರ್ಟ್ ಸಮಿತಿ ಮಾಡಿತು. ಪರೀಕ್ಷಿಸಿದ 29 ಫೋನ್‌ಗಳಲ್ಲಿ 5ರಲ್ಲಿ ಏನೋ ದುಷ್ಟ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಅನ್ನೋದಕ್ಕೆ ಖಚಿತ ಪುರಾವೆ ಸಿಗಲಿಲ್ಲ. ಅಂಥ ಗೂಢಚಾರನನ್ನ ಕೊಳ್ಳೋಕೆ ಭಾರಿ ಹಣ ಬೇಕು. ನಿಮ್ಮ ಮನೆಗೆ ಬರೋನು ಪುಕ್ಕಟೆ ಬರ್ತಾನೆ. ಎಲ್ಲಿಂದ? ಮೂರು ಬಾಗಿಲು ಹೇಳ್ತೀನಿ.

ಒಂದು, ಪೆನ್‌ಡ್ರೈವ್. ಝೆರಾಕ್ಸ್ ಅಂಗಡಿ, ಫೋಟೋ ಸ್ಟುಡಿಯೋ, ಕಾಲೇಜು ಲ್ಯಾಬು ಎಲ್ಲಾ ಕಡೆ ತಿರುಗಿ ಬಂದಿರುತ್ತೆ. ಚುಚ್ಚಿದ ಕೂಡಲೇ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣೋದನ್ನ ನೀವೂ ನೋಡಿರ್ತೀರಿ. ಆ ಶಾರ್ಟ್‌ಕಟ್ ಒತ್ತಿದಿರೋ, ರೋಗ ಮನೆಯೊಳಗೆ. ಪೆನ್‌ಡ್ರೈವ್ ಹಾಕಿದ ಮೇಲೆ ತೆರೆಯೋಕೆ ಮುಂಚೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಕ್ಯಾನ್' ಒತ್ತಿ. ಎರಡು ನಿಮಿಷದ ಕೆಲಸ.

ಎರಡು, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಸಾವಿರಾರು ರೂಪಾಯಿಯ ಫೋಟೋಶಾಪು, ಆಫೀಸು, ಗೇಮು ಫ್ರೀ ಅಂತ ಯಾರೋ ಕೊಡ್ತಾನೆ. ಜೊತೆಗೆ ಒಂದು ಸೂಚನೆ: "ಹಾಕೋಕೆ ಮುಂಚೆ ಆಂಟಿವೈರಸ್ ಆಫ್ ಮಾಡಿ." ಅಲ್ಲಾ ಸ್ವಾಮಿ, ನಾಯಿ ಕಟ್ಟಿಹಾಕಿ, ನಾನು ಒಳಗೆ ಬರ್ತೀನಿ ಅಂತ ಯಾರು ಹೇಳ್ತಾರೆ? ನೆಂಟನೋ, ಕಳ್ಳನೋ? ದುಡ್ಡಿಲ್ಲ ಅಂದರೆ ಕದಿಯಬೇಕಾಗಿಲ್ಲ. ಬರೆಯೋಕೆ ಲಿಬ್ರೆ ಆಫೀಸ್ ಉಚಿತ. ಕನ್ನಡಕ್ಕೆ ನುಡಿ ಉಚಿತ. ಅದರದ್ದೇ ಅಧಿಕೃತ ಜಾಲತಾಣದಿಂದ ಇಳಿಸಿಕೊಳ್ಳಿ, ಸಿಕ್ಕ ಸಿಕ್ಕ ಕಡೆಯಿಂದ ಬೇಡ.

ಮೂರು, ಹೆದರಿಸೋ ಮತ್ತು ಆಸೆ ಹುಟ್ಟಿಸೋ ಫೈಲುಗಳು. ಕೊರಿಯರ್ ಬಂದಿದೆ, ಬಿಲ್ ಬಾಕಿ ಇದೆ, ಸಾಲ ಮಂಜೂರಾಗಿದೆ, ಮದುವೆ ಆಮಂತ್ರಣ ನೋಡಿ. ಫೋನಿಗೆ ಬಂದರೆ ಅದರ ಬಾಲದಲ್ಲಿ ಎಪಿಕೆ ಅಂತಿರುತ್ತೆ, ಕಂಪ್ಯೂಟರ್‌ಗೆ ಬಂದರೆ ಇಎಕ್ಸ್‌ಇ. ಆಮಂತ್ರಣ ಪತ್ರಿಕೆ ಓದೋಕೆ ಯಾವುದನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ನೆನಪಿಟ್ಟುಕೊಳ್ಳಿ. ಇನ್ನೊಂದು, ಪರದೆ ತುಂಬ ಕೆಂಪು ಅಕ್ಷರದಲ್ಲಿ "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಫೋನ್ ಮಾಡಿ" ಅಂತ ಬರುತ್ತೆ. ಮಾಡಲೇಬೇಡಿ. ಮೈಕ್ರೋಸಾಫ್ಟ್‌ನವರು ಹೀಗೆ ನಂಬರ್ ತೋರಿಸಿ ಯಾರನ್ನೂ ಕರೆಯೋದಿಲ್ಲ. ಆ ಕಡೆಯವನು ಎನಿಡೆಸ್ಕ್ ಹಾಕಿ ಅಂತಾನೆ, ಹಾಕಿದರೆ ಮೌಸ್ ಅವನ ಕೈಗೆ ಹೋಯ್ತು.

ಹಾಗಾದರೆ ಏನು ಮಾಡಬೇಕು? ಖರ್ಚಿಲ್ಲದ ಕೆಲಸಗಳನ್ನೇ ಹೇಳ್ತೀನಿ.

ಅಪ್‌ಡೇಟ್ ಕೇಳಿದರೆ ಅದೇ ರಾತ್ರಿ ಹಾಕಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಕಂಪ್ಯೂಟರ್ ವಿಂಡೋಸ್ 11 ತಾಳೋದಿಲ್ಲ ಅಂದರೆ ಉಚಿತವಾಗಿ ಸಿಗೋ ಲಿನಕ್ಸ್ ಹಾಕಿಸಿ, ಅರ್ಜಿ ತುಂಬೋದಕ್ಕೆ, ಓದೋದಕ್ಕೆ ಧಾರಾಳ ಸಾಕು. ವಿಂಡೋಸ್ ಜೊತೆಗೇ ಡಿಫೆಂಡರ್ ಅನ್ನೋ ಆಂಟಿವೈರಸ್ ಬಂದಿರುತ್ತೆ, ಅದು ಆನ್ ಇದೆಯಾ ನೋಡಿ. ಎರಡೆರಡು ಆಂಟಿವೈರಸ್ ಬೇಡ, ಒಂದರ ಕಾಲಿಗೆ ಇನ್ನೊಂದು ತೊಡರುತ್ತೆ. ಮಕ್ಕಳಿಗೆ ಬೇರೆ ಅಕೌಂಟ್ ಮಾಡಿಕೊಡಿ, ಏನಾದರೂ ಇನ್‌ಸ್ಟಾಲ್ ಮಾಡಬೇಕೆಂದರೆ ನಿಮ್ಮ ಪಾಸ್‌ವರ್ಡ್ ಕೇಳುವ ಹಾಗಿರಲಿ. ಬ್ಯಾಂಕಿಗೂ ಇ-ಮೇಲ್‌ಗೂ ಒಂದೇ ಪಾಸ್‌ವರ್ಡ್ ಇಡಬೇಡಿ. ಫೋಟೋ, ಕಾಗದಪತ್ರ ಬೇರೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಕೇಬಲ್ ಬಿಚ್ಚಿ ಬೀರುವಿನಲ್ಲಿಡಿ. ಸಿಕ್ಕಿಸಿಯೇ ಇಟ್ಟರೆ ಬೀಗ ಹಾಕೋ ವೈರಸ್ ಅದಕ್ಕೂ ಬೀಗ ಹಾಕುತ್ತೆ.

ಸೋಂಕು ತಗಲಿದ ಅನುಮಾನ ಬಂತೋ, ಮೊದಲು ಇಂಟರ್‌ನೆಟ್ ತೆಗೆಯಿರಿ. ಪಾಸ್‌ವರ್ಡ್‌ಗಳನ್ನ ಬೇರೆ ಸಾಧನದಿಂದ ಬದಲಿಸಿ, ಅದೇ ಕಂಪ್ಯೂಟರಿನಿಂದ ಬದಲಿಸಿದರೆ ಹೊಸ ಪಾಸ್‌ವರ್ಡೂ ಕಳ್ಳನಿಗೇ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಲ್ಲಿ ಶುರುವಾಗಿದೆ, ಶುಚಿ ಮಾಡೋ ಸಾಧನಗಳನ್ನ ಉಚಿತವಾಗಿ ಕೊಡುತ್ತೆ. ದುಡ್ಡು ಹೋಯ್ತು ಅಂದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ದುಡ್ಡು ಕೈಯಿಂದ ಕೈಗೆ ದಾಟೋ ಮುಂಚೆ ತಡೆಯಬೇಕು, ಅದಕ್ಕೇ ಅವಸರ. ಜಿಲ್ಲಾ ಕೇಂದ್ರದಲ್ಲಿ ಸೆನ್ ಪೊಲೀಸ್ ಠಾಣೆ ಇದೆ, ಅಲ್ಲಿ ದೂರು ಕೊಡಿ. "ಜನ ನಗ್ತಾರೆ" ಅಂತ ಸುಮ್ಮನೆ ಕೂರಬೇಡಿ.

ಇನ್ನು ಸರ್ಕಾರಕ್ಕೆ ಒಂದು ಮಾತು. ಎಲ್ಲಾ ಅರ್ಜಿ ಆನ್‌ಲೈನ್ ಮಾಡಿದಿರಿ. ಸಂತೋಷ. ಪಹಣಿಗೆ ತಲಾಟಿ ಮನೆ ಬಾಗಿಲು ಕಾಯೋದು ತಪ್ಪಿತು, ಅದೂ ನಿಜ. ಆದರೆ ಕಾಪಾಡಿಕೊಳ್ಳೋ ವಿದ್ಯೆ ಯಾರು ಕಲಿಸಬೇಕು? 2019ರಲ್ಲಿ ನಿಮ್ಮದೇ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಬಿತ್ತು, ಗುತ್ತಿಗೆದಾರರು ಇಟ್ಟ ಠೇವಣಿಯಲ್ಲಿ 11 ಕೋಟಿಗೂ ಹೆಚ್ಚು ಹಣ ಹೋಯ್ತು. ಇಂಜಿನಿಯರ್‌ಗಳು, ಅಧಿಕಾರಿಗಳು ಇರೋ ನಿಮಗೇ ಹೀಗಾದರೆ, ಬೋನಾಳದ ಓಣಿಯಲ್ಲಿ ಪ್ರಿಂಟ್ ತೆಗೆದು ಕೊಡೋ ಹುಡುಗ ಏನು ಮಾಡಬೇಕು? ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರ ಅಂತ ಗ್ರಂಥಾಲಯ ಮಾಡಿದ್ದೀರಿ, ಕಂಪ್ಯೂಟರ್ ಇಟ್ಟಿದ್ದೀರಿ. ತಿಂಗಳಿಗೆ ಒಂದೇ ಒಂದು ಗಂಟೆ, ಕನ್ನಡದಲ್ಲಿ, ಅಲ್ಲಿಯ ಮಾತಿನಲ್ಲಿ, ಪೆನ್‌ಡ್ರೈವ್ ಹಿಡಿದು ತೋರಿಸಿ ಕಲಿಸೋಕೆ ಎಷ್ಟು ಖರ್ಚಾಗುತ್ತೆ ಹೇಳಿ? ಒಂದು ಉದ್ಘಾಟನೆಯ ಶಾಮಿಯಾನದ ಬಾಡಿಗೆಗಿಂತ ಕಡಿಮೆ.

ಅವರು ಮಾಡೋವರೆಗೂ ಕಾಯಬೇಡಿ. ಪಕ್ಕದ ಮನೆಯವರಿಗೆ ಪ್ರಿಂಟ್ ತೆಗೆದು ಕೊಟ್ಟ ಮೇಲೆ ಅವರ ಎದುರಿಗೇ ಆ ಫೈಲ್ ಅಳಿಸಿ, ರೀಸೈಕಲ್ ಬಿನ್‌ನಿಂದಲೂ ಅಳಿಸಿ. "ಕಾಕಾ, ನಿಮ್ಮ ಕಾಗದ ನನ್ನ ಹತ್ರ ಉಳೀಲಿಲ್ಲ ನೋಡ್ರಿ" ಅಂತ ತೋರಿಸಿ. ನಾಳೆ ಅವರೂ ಝೆರಾಕ್ಸ್ ಅಂಗಡಿಯವನಿಗೆ ಕೇಳ್ತಾರೆ, "ಅಳಿಸಿದೇನಪ್ಪಾ?" ಅಂತ. ಓಣಿಯಲ್ಲಿ ನಾಲ್ಕು ಜನ ಹೀಗೆ ಕೇಳೋಕೆ ಶುರು ಮಾಡಿದರೆ, ಯಾವ ಆಂಟಿವೈರಸ್ ಕಂಪನಿಯೂ ಮಾರಲಾರದ ಕಾವಲು ಅದು.

ಈ ಮಾತು ಮುಗಿದ ಮೇಲೆ ಟಿವಿ ಆಫ್ ಮಾಡಿ, ಆ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡಿ. ನಾಳೆ ಅಂದರೆ ಆಗಲಿಕ್ಕಿಲ್ಲ.