ಮಧುಗಿರಿಯ ಬಂಡೆಯೊಡಲು

ಕೋಟೆಯೆಂದೊಡನೆ ನಮ್ಮ ಕಣ್ಣು ಅರಸುವುದು ಗೋಡೆ ಬುರುಜುಗಳನ್ನು. ಆದರೆ ಮುತ್ತಿಗೆಯ ದಿನಗಳಲ್ಲಿ ಕೋಟೆಯನ್ನು ಉಳಿಸುತ್ತಿದ್ದುದು ಒಳಗಿನ ನೀರು ಮತ್ತು ಕಾಳು. ಈ ಮಾತಿನ ನಿಜವನ್ನು ಅರಿಯಲು ಮಧುಗಿರಿಯಲ್ಲಿ ಒಂದು ಹಗಲು ಕಳೆದರೆ ಸಾಕು.

ತುಮಕೂರಿನಿಂದ ಕೊರಟಗೆರೆಯ ಮಾರ್ಗವಾಗಿ ಹೊರಟರೆ ಸುಮಾರು 43 ಕಿಲೋಮೀಟರು. ಊರಿಗೆ ಒರಗಿ ನಿಂತ ಈ ಏಕಶಿಲೆಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿದೆ. ಬಿಸಿಲೇರುವ ಮುನ್ನವೇ ಹತ್ತತೊಡಗುವುದು ಲೇಸು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದೊಂದು ಬಾಗಿಲಿಗೂ ಒಂದೊಂದು ಹೆಸರು. ಹಿರೇಗೌಡನೆಂಬ ಪಾಳೆಯಗಾರ ಕಟ್ಟಿಸಿದ ಮಣ್ಣಿನ ಕೋಟೆ 1678ರಲ್ಲಿ ಮೈಸೂರಿನವರ ಕೈಸೇರಿತು. ಮುಂದೆ ಅದನ್ನು ಕಲ್ಲಿನಿಂದ ಬಲಪಡಿಸಿದವನು ಹೈದರಾಲಿ.

ಏರುದಾರಿಯಲ್ಲಿ ನಾವು ತಡೆದು ನೋಡಬೇಕಾದುದು ದೊಣೆಗಳನ್ನು. ಭೀಮನ ದೊಣೆ, ನವಿಲು ದೊಣೆ ಎಂದು ಜನ ಇವುಗಳನ್ನು ಕರೆದಿದ್ದಾರೆ. ಬೋಳುಬಂಡೆಯ ಮೇಲೆ ಬಿದ್ದ ಮಳೆ ಹರಿದುಹೋಗದೆ ಇಲ್ಲಿ ತಂಗುತ್ತದೆ. ಕೋಟೆಯ ಕಣಜಗಳೂ ಇದೇ ವಿವೇಕದ ಫಲ. ಹಗೇವಿನಲ್ಲಿ ರಾಗಿ ತುಂಬಿ ಬರಗಾಲವನ್ನು ದಾಟುತ್ತಿದ್ದ ರೈತನ ಬುದ್ಧಿಯೇ ಇಲ್ಲಿ ದುರ್ಗವನ್ನೂ ಕಾದಿತು.

ಯೂರೋಪಿನ ಲಕ್ಸೆಂಬರ್ಗ್ ನಗರದಲ್ಲಿಯೂ ಬಂಡೆಯ ಒಡಲೇ ಕೋಟೆ. ಅಲ್ಲಿ ಫಿರಂಗಿಗಳಿಗಾಗಿ, ಸೈನಿಕರಿಗಾಗಿ ಸುರಂಗಗಳನ್ನು ಕೊರೆದರು. 1867ರ ಒಪ್ಪಂದದಂತೆ ಕೋಟೆಯನ್ನು ಕೆಡವಿದರೂ ಸುಮಾರು 17 ಕಿಲೋಮೀಟರು ಸುರಂಗ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಅದು ನಗರದ ಜನರಿಗೆ ಆಶ್ರಯವಾಯಿತು.

ನಮ್ಮ ಬೆಟ್ಟಕ್ಕೆ ಬೇರೊಂದು ನೆನಪುಂಟು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ಇಲ್ಲಿ ಸೆರೆಯಿಟ್ಟನು. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಕೋಟೆಯನ್ನು ಹಿಡಿದ ಮೇಲೆಯೇ ಅವರಿಗೆ ಬಿಡುಗಡೆ. ಮಲೆನಾಡಿನ ಮಳೆಯಲ್ಲಿ ಬೆಳೆದ ಅರಸುಮನೆಗೆ ಈ ಕಾದ ಬಂಡೆಯೇ ಅರಮನೆಯಾಯಿತು. ಹೊರಗಿನವರನ್ನು ತಡೆಯುವ ಗೋಡೆ ಒಳಗಿನವರನ್ನೂ ತಡೆಯಬಲ್ಲದು; ಕೋಟೆಯ ಹೆಮ್ಮೆಯನ್ನು ಹಾಡುವಾಗ ಇದನ್ನು ಮರೆಯಲಾಗದು.

ನೆತ್ತಿಯಲ್ಲಿ ಗೋಪಾಲಕೃಷ್ಣನ ಗುಡಿ ಪಾಳುಬಿದ್ದು ನಿಂತಿದೆ. ಅಲ್ಲಿಂದ ಕಣ್ಣು ಹಾಯುವಷ್ಟೂ ಬೆಟ್ಟಗುಡ್ಡಗಳ ಬಯಲುಸೀಮೆ. ಪಾವಗಡದ ಬೆಟ್ಟದ ಮೇಲೂ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗದಲ್ಲಿಯೂ ಇಂಥ ಕೋಟೆಗಳುಂಟು. ಬಯಲಿನಲ್ಲಿರುವ ಶಿರಾ ಕೋಟೆಗೆ ಕಂದಕವೇ ಕಾವಲು. ಈ ಸೀಮೆಗೆ ದಂಡು ಬರುವುದು ಎಂದೋ ನಿಂತಿತು, ಬರ ಬರುವುದು ನಿಂತಿಲ್ಲ. ಬಿದ್ದ ಹನಿಯನ್ನು ಬಂಡೆಯಲ್ಲಿಯೂ ನಿಲ್ಲಿಸಿಕೊಂಡವರ ಬಾಳಿನಿಂದ ಕಲಿಯಬೇಕಾದುದು ನಮಗೆ ಇನ್ನೂ ಉಂಟು.