ಕ್ಯಾಮೆರಾ ಕೊಳ್ಳುವ ಮುನ್ನ ಸ್ವಿಚ್ಚು ನೋಡಿ

(ಸಂಘಗಳ ಕಾರ್ಯದರ್ಶಿಗಳು ಹಾಗೂ ಆಡಳಿತ ಮಂಡಳಿ ಸದಸ್ಯರ ತಾಲ್ಲೂಕು ಮಟ್ಟದ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಠ್ಯ)



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಎಂದು ಪ್ರತಿ ಸಭೆಯಲ್ಲೂ ಮಾತನಾಡುವ ನಾನು ಈ ದಿನ ಕ್ಯಾಮೆರಾ ವಿಷಯ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಈಚೆಗೆ ಯಾವ ಸಂಘಕ್ಕೆ ಭೇಟಿ ಕೊಟ್ಟರೂ ರಾಸುಗಳ ವಿಚಾರ ಮುಗಿದ ಮೇಲೆ ಕಾರ್ಯದರ್ಶಿಗಳು ಮೇಜಿನ ಖಾನೆಯಿಂದ ಒಂದು ದರಪಟ್ಟಿ ತೆಗೆದು ಮುಂದಿಡುತ್ತಾರೆ. "ಡಾಕ್ಟ್ರೇ, ಇದನ್ನೊಂದು ನೋಡಿ ಹೇಳಿ" ಎನ್ನುತ್ತಾರೆ. ಹಾಲು ಪರೀಕ್ಷೆಯ ಮೇಜು, ಬಿ.ಎಂ.ಸಿ. ಕೊಠಡಿ, ಜನರೇಟರ್, ಪಶು ಆಹಾರದ ಗೋದಾಮು, ಕೆಲವರಲ್ಲಿ ಸ್ವಂತ ಕೊಟ್ಟಿಗೆ, ಎಲ್ಲ ಕಡೆಗೂ ಕ್ಯಾಮೆರಾ ಬೇಕಾಗಿದೆ. ಬೇಡ ಎನ್ನುವವನು ನಾನಲ್ಲ. ಆದರೆ ಆ ದರಪಟ್ಟಿಗಳಲ್ಲಿ ಕ್ಯಾಮೆರಾ ಬಗ್ಗೆ ಅರ್ಧ ಪುಟ ವರ್ಣನೆ ಇರುತ್ತದೆ. ಕೆಳಗೆ ಒಂದೇ ಸಾಲು: "8 ಪೋರ್ಟ್ ಪಿ.ಓ.ಇ. ಸ್ವಿಚ್, ಒಂದು." ನಾನು ಮಾತನಾಡಬೇಕೆಂದಿರುವುದು ಆ ಒಂದು ಸಾಲಿನ ಬಗ್ಗೆ.

ಮೊದಲು ಈ ಪೆಟ್ಟಿಗೆ ಏನು ಮಾಡುತ್ತದೆಂದು ತಿಳಿಯೋಣ. ಈಗ ಬರುವ ಐ.ಪಿ. ಕ್ಯಾಮೆರಾಗೆ ಎರಡು ಬೇಕು. ಕೆಲಸ ಮಾಡಲು ಕರೆಂಟು, ತೆಗೆದ ಚಿತ್ರ ರೆಕಾರ್ಡರ್‌ವರೆಗೆ ಹೋಗಲು ದಾರಿ. ಪಿ.ಓ.ಇ. ಸ್ವಿಚ್ಚು ಎರಡನ್ನೂ ಒಂದೇ ಕೇಬಲ್ಲಿನಲ್ಲಿ ಕೊಡುತ್ತದೆ. ಕೊಟ್ಟಿಗೆಗೆ ಇದು ಬಹಳ ಅನುಕೂಲ. ಸಗಣಿ ಗಂಜಲದ ಒದ್ದೆ ಇರುವ ಕಡೆ ಪ್ರತಿ ಕ್ಯಾಮೆರಾ ಪಕ್ಕಕ್ಕೂ 230 ವೋಲ್ಟಿನ ಪ್ಲಗ್ಗು ಎಳೆಯಬೇಕಾಗಿಲ್ಲ. ಕೇಬಲ್ಲಿನಲ್ಲಿ ಹೋಗುವುದು ಸುಮಾರು 48 ವೋಲ್ಟಿನ ಡಿ.ಸಿ. ಕರೆಂಟು ಮಾತ್ರ.

ಎಂಟು ಪೋರ್ಟ್ ಎಂದರೆ ಎಂಟು ಕ್ಯಾಮೆರಾಗೆ ಸಾಕು ಎಂದು ನಾವು ತಿಳಿಯುತ್ತೇವೆ. ಕೊಟ್ಟಿಗೆಯಲ್ಲಿ ಎಂಟು ಗೋದಲಿ ಕಟ್ಟಿಸಿದ ಮಾತ್ರಕ್ಕೆ ಎಂಟು ಹಸುಗಳಿಗಾಗುವಷ್ಟು ಮೇವು ಬಂದಂತಾಯಿತೇ? ಪೋರ್ಟು ಗೋದಲಿ ಇದ್ದಂತೆ. ಮೇವು ಎಷ್ಟಿದೆ ಎಂಬುದನ್ನು ಹೇಳುವುದು ಪೆಟ್ಟಿಗೆಯ ಒಟ್ಟು ವ್ಯಾಟು. ಎಂಟು ಪೋರ್ಟಿನ ಪೆಟ್ಟಿಗೆ 60 ವ್ಯಾಟಿನದೂ ಸಿಗುತ್ತದೆ, 96 ವ್ಯಾಟಿನದೂ ಸಿಗುತ್ತದೆ, 120 ವ್ಯಾಟಿನದೂ ಸಿಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ದರಪಟ್ಟಿಯಲ್ಲಿ ವ್ಯಾಟು ಬರೆದಿಲ್ಲವೆಂದರೆ ಬರುವುದು ಸಾಮಾನ್ಯವಾಗಿ ಚಿಕ್ಕದೇ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ ಒಂದು ಸಂಘದ ವಿಷಯ ಹೇಳುತ್ತೇನೆ, ಹೆಸರು ಬೇಡ. ಅಲ್ಲಿಯ ಬಿ.ಎಂ.ಸಿ. ಕೇಂದ್ರದಲ್ಲಿ ಜನರೇಟರಿನ ಡೀಸೆಲ್ ಎರಡು ಮೂರು ಬಾರಿ ರಾತ್ರಿ ಹೊತ್ತು ಕಡಿಮೆಯಾಯಿತು. ಜನರೇಟರ್ ಕಡೆಗೆ ಮುಖ ಮಾಡಿದ ಕ್ಯಾಮೆರಾ ಇತ್ತು. ರೆಕಾರ್ಡಿಂಗ್ ತೆಗೆದು ನೋಡಿದರೆ ಆ ರಾತ್ರಿಗಳದ್ದು ಖಾಲಿ. ರಾತ್ರಿ ಇರುವ ಸಹಾಯಕನೇ ವೈರು ಕಿತ್ತಿದ್ದಾನೆ ಎಂದು ಊರೆಲ್ಲ ಮಾತಾಯಿತು. ಎರಡು ತಿಂಗಳು ಆತ ತಲೆ ತಗ್ಗಿಸಿಕೊಂಡೇ ಡೇರಿಗೆ ಬಂದ. ಕೆಲಸದಿಂದ ತೆಗೆಯುವ ಠರಾವಿನ ಕರಡೂ ಸಿದ್ಧವಾಗಿತ್ತು. ಅಷ್ಟರಲ್ಲಿ ಸದಸ್ಯರೊಬ್ಬರ ಮಗಳು, ಪಾಲಿಟೆಕ್ನಿಕ್ ಓದುವ ಹುಡುಗಿ, ಡಿಸ್ಕಿನಲ್ಲಿ ಉಳಿದಿದ್ದ ಇಪ್ಪತ್ತು ದಿನಗಳ ರೆಕಾರ್ಡಿಂಗನ್ನು ಕುಳಿತು ನೋಡಿದಳು. ಎಂಟನೆಯ ಕ್ಯಾಮೆರಾ ಪ್ರತಿ ಸಂಜೆ ಕತ್ತಲಾಗುತ್ತಲೇ ನಿಂತು, ಬೆಳಕು ಹರಿದ ಮೇಲೆ ತಾನಾಗಿಯೇ ಶುರುವಾಗುತ್ತಿತ್ತು. ಸಹಾಯಕ ತಂಗಿಯ ಮದುವೆಗೆಂದು ನಾಲ್ಕು ದಿನ ರಜೆ ಹೋಗಿದ್ದಾಗಲೂ ಹಾಗೆಯೇ.

ಲೆಕ್ಕ ಸುಲಭ. ಅಲ್ಲಿ ಏಳು ಸಾಧಾರಣ ಕ್ಯಾಮೆರಾ, ಅಂಗಳದಲ್ಲಿ ಒಂದು ತಿರುಗುವ ಕ್ಯಾಮೆರಾ. ಹಗಲಿನಲ್ಲಿ ಸಾಧಾರಣದ್ದು ತಲಾ 4 ವ್ಯಾಟು, ತಿರುಗುವುದು 10. ಒಟ್ಟು 38. ಕತ್ತಲಾದಾಗ ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ದೀಪ ಹತ್ತಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದು ಕಡಿಮೆ, ಆದರೆ ಕರೆಂಟು ಎಳೆಯುತ್ತದೆ. ಆಗ ಸಾಧಾರಣದ್ದು 7, ತಿರುಗುವುದು 16. ಒಟ್ಟು 65. ಪೆಟ್ಟಿಗೆ 60 ವ್ಯಾಟಿನದು. ಹೊರೆ ಮೀರಿದಾಗ ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಕಡೆಯ ಪೋರ್ಟನ್ನು ಬಿಟ್ಟುಬಿಡುತ್ತವೆ. ಕಡೆಯ ಪೋರ್ಟಿನಲ್ಲಿ ಜನರೇಟರ್ ಕ್ಯಾಮೆರಾ ಇತ್ತು. ಡೀಸೆಲ್ ತೆಗೆದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಸಹಾಯಕ ಮಾತ್ರ ಈಗಲೂ ಅಲ್ಲೇ ಕೆಲಸದಲ್ಲಿದ್ದಾನೆ.

ಆದ್ದರಿಂದ ಪ್ರತಿ ಕ್ಯಾಮೆರಾದ ಗರಿಷ್ಠ ವ್ಯಾಟು, ಅಂದರೆ ದೀಪ ಹತ್ತಿದಾಗಿನದು, ಬರೆಸಿಕೊಂಡು ಕೂಡಿಸಿ. ಅದರ ಮೇಲೆ ಕಾಲು ಭಾಗ ಹೆಚ್ಚಿಗೆ ಇಟ್ಟುಕೊಳ್ಳಿ. ಆ ಸಂಘಕ್ಕೆ 65ರ ಮೇಲೆ 16 ಸೇರಿಸಿದರೆ 81. 96 ವ್ಯಾಟಿನ ಪೆಟ್ಟಿಗೆ ತೆಗೆದುಕೊಂಡಿದ್ದರೆ ಸಾಕಿತ್ತು. ಬೆಲೆಯ ವ್ಯತ್ಯಾಸ ಒಂದು ಕ್ಯಾಮೆರಾದ ಬೆಲೆಯಷ್ಟೂ ಇರುವುದಿಲ್ಲ.

ಒಟ್ಟು ವ್ಯಾಟಿನ ಜೊತೆಗೆ ಒಂದೊಂದು ಪೋರ್ಟಿನ ಮಿತಿಯೂ ಇದೆ. 2003ರಲ್ಲಿ ಬಂದ 802.3ಎಎಫ್ ಎಂಬ ಮಾನದಂಡದಂತೆ ಪೋರ್ಟು 15.4 ವ್ಯಾಟು ಕೊಡುತ್ತದೆ. ಕೇಬಲ್ಲಿನಲ್ಲಿ ಸೋರಿ ಕ್ಯಾಮೆರಾಗೆ ಖಾತರಿಯಾಗಿ ತಲುಪುವುದು 12.95. ಸಾಧಾರಣ ಕ್ಯಾಮೆರಾಗೆ ಅದು ಧಾರಾಳ. ತಿರುಗುವ ಕ್ಯಾಮೆರಾಗೆ ಸಾಲದು. ಅದಕ್ಕೆ 2009ರ 802.3ಎಟಿ ಬೇಕು, ಅದು 30 ವ್ಯಾಟು ಕೊಟ್ಟು 25.5 ತಲುಪಿಸುತ್ತದೆ. ದರಪಟ್ಟಿಯಲ್ಲಿ ಈ ಎರಡರಲ್ಲಿ ಒಂದು ಹೆಸರು ಇರಲೇಬೇಕು. ಇಲ್ಲದಿದ್ದರೆ ಅದು ಪ್ಯಾಸಿವ್ ಪೆಟ್ಟಿಗೆ ಇರಬಹುದೆಂದು ಅನುಮಾನಿಸಿ. ಮಾನದಂಡದ ಪೆಟ್ಟಿಗೆ ಮೊದಲು ಸಣ್ಣ ವೋಲ್ಟೇಜು ಬಿಟ್ಟು, ಆಚೆ ಕಡೆ ಇರುವುದು ಕರೆಂಟು ಬೇಡುವ ಉಪಕರಣವೇ ಎಂದು ನೋಡಿ ಆಮೇಲೆ ಕೊಡುತ್ತದೆ. ಪ್ಯಾಸಿವ್ ಪೆಟ್ಟಿಗೆ ಏನನ್ನೂ ಕೇಳದೆ ಕರೆಂಟು ತುಂಬುತ್ತದೆ. ಯಾರಾದರೂ ತಿಳಿಯದೆ ಸಂಘದ ಕಂಪ್ಯೂಟರಿನ ಕೇಬಲ್ಲನ್ನು ಅದಕ್ಕೆ ಚುಚ್ಚಿದರೆ ಕಂಪ್ಯೂಟರ್ ಸುಡಬಹುದು. ಬಟವಾಡೆ ಲೆಕ್ಕವೆಲ್ಲ ಅದರೊಳಗಿದೆ ಎಂಬುದು ನೆನಪಿರಲಿ.

ವೇಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಮೆಗಾಪಿಕ್ಸೆಲ್ಲಿನ ಎಂಟು ಕ್ಯಾಮೆರಾಗಳಿಗೆ ನೂರು ಮೆಗಾಬಿಟ್ಟಿನ ದಾರಿ ಸಾಕು. ಹದಿನಾರು ಕ್ಯಾಮೆರಾ ಆದರೆ ರೆಕಾರ್ಡರಿಗೆ ಹೋಗುವ ಪೋರ್ಟು ಗಿಗಾಬಿಟ್ ಇರಲಿ. ಆರು ಕ್ಯಾಮೆರಾ ಹಾಕುವವರು ಎಂಟು ಪೋರ್ಟಿನದನ್ನು ಕೊಳ್ಳಿ. ಮುಂದೆ ಒಂದೆರಡು ಬೇಕೇ ಬೇಕಾಗುತ್ತದೆ.

ಕೇಬಲ್ಲಿನ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಮಿತಿ 100 ಮೀಟರು. ಕೆಲವು ಪೆಟ್ಟಿಗೆಗಳಲ್ಲಿ 250 ಮೀಟರಿಗೆ ಎಂದು ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ವೇಗ 10 ಮೆಗಾಬಿಟ್ಟಿಗೆ ಇಳಿಯುತ್ತದೆ, ದೂರದ ಕ್ಯಾಮೆರಾಗೆ ಕರೆಂಟೂ ಕ್ಷೀಣವಾಗುತ್ತದೆ. ತೀರಾ ಅನಿವಾರ್ಯವಾದಾಗ ಒಂದು ಸಾಧಾರಣ ಕ್ಯಾಮೆರಾಗೆ ಬಳಸಬಹುದೇ ಹೊರತು ತಿರುಗುವುದಕ್ಕಲ್ಲ. ಇನ್ನು, ಅಗ್ಗದ ಕೇಬಲ್ಲಿನ ಎಳೆ ಹೊರಗೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಇದರಲ್ಲಿ ಕರೆಂಟು ಹೆಚ್ಚು ಸೋರುತ್ತದೆ, ಕೇಬಲ್ಲು ಬಿಸಿಯಾಗುತ್ತದೆ. ಬ್ಲೇಡಿನಿಂದ ಎಳೆಯನ್ನು ಕೆರೆದು ನೋಡಿ. ಬಿಳಿ ಕಂಡರೆ ವಾಪಸು ಕಳಿಸಿ. ಹಾಲಿಗೆ ನೀರು ಸೇರಿಸಿದರೆ ಲ್ಯಾಕ್ಟೋಮೀಟರಿನಲ್ಲಿ ಹಿಡಿಯುವ ನಾವು ಇದನ್ನೇಕೆ ಹಾಗೆಯೇ ಬಿಡಬೇಕು?

ಕೊಟ್ಟಿಗೆಗೆ ಹಾಕುವವರಿಗೆ ನನ್ನ ಕಸುಬಿನ ಕಡೆಯಿಂದ ಎರಡು ಮಾತು. ಗಂಜಲ ಕೊಳೆತಾಗ ಅಮೋನಿಯಾ ಏಳುತ್ತದೆ. ಕರುಗಳ ಶ್ವಾಸಕೋಶ ಕೆಡಿಸುವ ಅದೇ ಅನಿಲ ತೇವದ ಜೊತೆ ಸೇರಿ ತಾಮ್ರದ ಸಂಪರ್ಕಗಳಿಗೆ ಕಿಲುಬು ಹಿಡಿಸುತ್ತದೆ. ಆದ್ದರಿಂದ ಸ್ವಿಚ್ಚು ಕೊಟ್ಟಿಗೆಯೊಳಗೆ ಬೇಡ; ಪಕ್ಕದ ಒಣ ಕೊಠಡಿಯಲ್ಲಿ, ಗಾಳಿ ಆಡುವ ಕಡೆ, ತಗಡಿನ ಮಾಡಿಗೆ ತಾಗದಂತೆ ಇರಲಿ. ಸಾಧಾರಣ ಪೆಟ್ಟಿಗೆಗಳು 40 ಡಿಗ್ರಿ ಶಾಖದವರೆಗೆ ಮಾತ್ರ ತಾಳಬಲ್ಲವು, ಬೇಸಿಗೆಯಲ್ಲಿ ತಗಡಿನ ಕೆಳಗೆ ಅದಕ್ಕಿಂತ ಹೆಚ್ಚಿರುತ್ತದೆ. ಕೇಬಲ್ಲು ಪೈಪಿನೊಳಗೆ, ಹಸುವಿನ ನಾಲಿಗೆಗೆ ಎಟುಕದ ಎತ್ತರದಲ್ಲಿರಲಿ. ಇಲಿಗೆ ಎಟುಕದ ಎತ್ತರ ಎಂಬುದಿಲ್ಲ, ಅದಕ್ಕೇ ಪೈಪು.

ಎರಡನೆಯದು ಆರ್ಥಿಂಗ್. ಕೆಲಸಗಾರರು ಹತ್ತಿರ ಸಿಕ್ಕಿತೆಂದು ಹಸು ಕಟ್ಟುವ ಕಬ್ಬಿಣದ ಪೈಪಿಗೇ ಆರ್ಥ್ ವೈರು ಸುತ್ತಿಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಹಸು ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಂತಿರುತ್ತದೆ. ನಮಗೆ ಗೊತ್ತೇ ಆಗದ ಸಣ್ಣ ವೋಲ್ಟೇಜು ಅದಕ್ಕೆ ತಿಳಿಯುತ್ತದೆ. ತೊಟ್ಟಿಗೆ ಬಾಯಿ ಹಾಕಲು ಹಿಂಜರಿಯುತ್ತದೆ, ಕರೆಯುವಾಗ ಒದೆಯುತ್ತದೆ, ಹಾಲು ಸರಿಯಾಗಿ ಇಳಿಸುವುದಿಲ್ಲ. ಆಮೇಲೆ ನನ್ನನ್ನು ಕರೆಸಿ ಇಂಜೆಕ್ಷನ್ ಕೇಳಿದರೆ ಪ್ರಯೋಜನವಿಲ್ಲ. ಆರ್ಥಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ.

ಡೇರಿ ಕಟ್ಟಡ ಒಂದು ಕಡೆ, ಕೊಟ್ಟಿಗೆ ಇನ್ನೊಂದು ಕಡೆ ಇದ್ದರೆ ನಡುವೆ ತಾಮ್ರದ ಕೇಬಲ್ಲು ಎಳೆಯುವ ಬದಲು ಫೈಬರ್ ಕೇಬಲ್ಲು ಹಾಕಿಸಿ, ಆಚೆ ತುದಿಯಲ್ಲಿ ನಾಲ್ಕು ಪೋರ್ಟಿನ ಇನ್ನೊಂದು ಸ್ವಿಚ್ಚು ಇಡಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದರೆ ತಾಮ್ರದ ಕೇಬಲ್ಲಿನ ಮೂಲಕ ಎರಡೂ ಕಡೆಯ ಉಪಕರಣ ಹೋಗುತ್ತದೆ. ಫೈಬರ್ ಎಳೆ ಗಾಜಿನದು, ಕರೆಂಟು ಒಯ್ಯುವುದಿಲ್ಲ. ಕೇಬಲ್ಲಿಗೆ ಬಲಕ್ಕೆಂದು ಕಬ್ಬಿಣದ ತಂತಿ ಸೇರಿಸಿರದ ಬಗೆಯದನ್ನೇ ಕೇಳಿ.

ಕರೆಂಟು ಹೋದಾಗ ಸ್ವಿಚ್ಚು ನಿಂತರೆ ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ನಿಲ್ಲುತ್ತವೆ. ಸ್ವಿಚ್ಚನ್ನೂ ರೆಕಾರ್ಡರನ್ನೂ ಇನ್ವರ್ಟರಿಗೆ ಸೇರಿಸಿ. ಎರಡೂ ಸೇರಿ 90 ವ್ಯಾಟು ಎಳೆದರೆ, 12 ವೋಲ್ಟಿನ 150 ಎ.ಎಚ್. ಬ್ಯಾಟರಿ ಚೆನ್ನಾಗಿದ್ದಲ್ಲಿ ಹತ್ತು ಗಂಟೆಯ ಆಸುಪಾಸು ನಡೆಯುತ್ತದೆ. ಹಾಲು ಪರೀಕ್ಷಾ ಯಂತ್ರದ ಬ್ಯಾಟರಿಗೇ ಇದನ್ನೂ ಸೇರಿಸಬೇಡಿ. ಬೆಳಗಿನ ಸರತಿಯಲ್ಲಿ ಯಂತ್ರ ನಿಂತರೆ ಜನ ಸುಮ್ಮನಿರುವುದಿಲ್ಲ.

ಕೆಲಸ ಮುಗಿಸಿದವರು ಮಧ್ಯಾಹ್ನ ಹನ್ನೆರಡಕ್ಕೆ ಪರದೆಯ ಮೇಲೆ ಎಂಟು ಚಿತ್ರ ತೋರಿಸಿ ಬಿಲ್ಲಿಗೆ ಸಹಿ ಕೇಳುತ್ತಾರೆ. ಸಹಿ ಮಾಡಬೇಡಿ. ರಾತ್ರಿ ಎಂಟರ ಮೇಲೆ ದೀಪಗಳನ್ನೆಲ್ಲ ಆರಿಸಿ, ತಿರುಗುವ ಕ್ಯಾಮೆರಾವನ್ನು ತಿರುಗಿಸುತ್ತಾ, ಮೈನ್ ಸ್ವಿಚ್ಚು ತೆಗೆದು ಒಂದು ಗಂಟೆ ಬಿಡಿ. ಮರುದಿನ ಬೆಳಿಗ್ಗೆ ಎಂಟೂ ಕ್ಯಾಮೆರಾಗಳ ರಾತ್ರಿಯ ರೆಕಾರ್ಡಿಂಗ್ ಪೂರ್ತಿ ಇದೆಯೇ ಎಂದು ಇಬ್ಬರು ನಿರ್ದೇಶಕರ ಎದುರು ತೆಗೆಸಿ ನೋಡಿ. ಈ ಷರತ್ತನ್ನು ಖರೀದಿ ಆದೇಶದಲ್ಲೇ ಬರೆಯಿರಿ, ಕಡೆಯ ಕಂತನ್ನು ಅಲ್ಲಿಯವರೆಗೆ ತಡೆಹಿಡಿಯಿರಿ. ದರಪಟ್ಟಿ ತಂದಿರುವ ಕಾರ್ಯದರ್ಶಿಗಳು ಊಟದ ನಂತರ ನನ್ನನ್ನು ಕಾಣಬಹುದು, ಕುಳಿತು ವ್ಯಾಟು ಕೂಡಿಸೋಣ.