ಎಗ್ಮೋರಿನಲ್ಲಿರುವ ನಮ್ಮ ಕಲ್ಲುಗಳು



ರಾಜ್ಯೋತ್ಸವದ ಸಭೆಯಲ್ಲಿ ಶಿಲ್ಪವನ್ನೋ ಶಾಸನವನ್ನೋ ಕುರಿತು ಮಾತನಾಡುವುದು ವಾಡಿಕೆ. ನಾವು ಈ ದಿನ ಅಕ್ಷರವೂ ಇಲ್ಲದ, ದೇವರೂ ಆಗದ ಬರಿಯ ಕಲ್ಲುಗಳ ವಿಚಾರವನ್ನು ಎತ್ತಿಕೊಂಡಿದ್ದೇವೆ. ಅವು ದೂರವೇನೂ ಇಲ್ಲ. ಇದೇ ಚೆನ್ನೈನ ಎಗ್ಮೋರ್ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.

ಆ ಸಂಗ್ರಹಾಲಯ ಹುಟ್ಟಿದ್ದೇ ಕಲ್ಲಿನಿಂದ. 1851ರಲ್ಲಿ ಮದರಾಸಿನ ಲಿಟರರಿ ಸೊಸೈಟಿಯವರು ಕೂಡಿಟ್ಟಿದ್ದ ಸುಮಾರು 1,100 ಶಿಲೆ ಖನಿಜಗಳ ಮಾದರಿಗಳೇ ಅದರ ಮೊದಲ ಆಸ್ತಿ. ಕಂಚಿನ ನಟರಾಜ ಮೊದಲಾದುವೆಲ್ಲ ಆಮೇಲೆ ಬಂದವು.

1858ರಲ್ಲಿ ಭೂಗರ್ಭ ಸರ್ವೇಕ್ಷಣ ಇಲಾಖೆಗೆ ಸೇರಿ ಇಲ್ಲಿಗೆ ಬಂದವರು ರಾಬರ್ಟ್ ಬ್ರೂಸ್ ಫೂಟ್. ಅವರ ಉದ್ಯೋಗ ಭೂಗರ್ಭ ನಕ್ಷೆ ಬರೆಯುವುದು. ಸುತ್ತಿಗೆ ಹಿಡಿದು ಹಳ್ಳಕೊಳ್ಳ, ಗುಡ್ಡ, ಬಾವಿಯ ಅಂಚುಗಳನ್ನು ನೋಡುತ್ತ ತಿರುಗಬೇಕು. ಎಲ್ಲಿ ಯಾವ ಶಿಲೆ ಮುಗಿದು ಯಾವುದು ಮೊದಲಾಗುತ್ತದೆಂದು ಕಾಗದದ ಮೇಲೆ ಗೆರೆ ಎಳೆದು ಬಣ್ಣ ಹಚ್ಚಬೇಕು. ಸಾಕ್ಷಿಗೆ ಒಂದು ಚೂರು ಒಡೆದು, ಊರ ಹೆಸರು ಬರೆದು ಇಡಬೇಕು. ಹೀಗೆ ತಿರುಗುವಾಗಲೇ, 1863ರ ಮೇ 30ರಂದು, ಪಲ್ಲಾವರದ ಜಂಬಿಟ್ಟಿಗೆ ಮಣ್ಣಿನ ಗುಂಡಿಯೊಂದರಲ್ಲಿ ಅವರಿಗೆ ಹಳೆ ಶಿಲಾಯುಗದ ಕೈಗೊಡಲಿ ಸಿಕ್ಕಿತು. ವಿಮಾನ ಹಿಡಿಯಲು ಮೀನಂಬಾಕ್ಕಕ್ಕೆ ಓಡುವ ನಾವು ಆ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ!

ಪಲ್ಲಾವರದ ಗುಡ್ಡದ ಶಿಲೆಗೆ ಥಾಮಸ್ ಹಾಲೆಂಡ್ 1893ರಲ್ಲಿ ಚಾರ್ನೊಕೈಟ್ ಎಂದು ಹೆಸರಿಟ್ಟರು. ಕಲ್ಕತ್ತೆಯಲ್ಲಿ ಜಾಬ್ ಚಾರ್ನಾಕನ ಗೋರಿಯ ಮೇಲಿರುವುದು ಇದೇ ಕಲ್ಲು. ನಮ್ಮ ಬಿಳಿಗಿರಿರಂಗನ ಬೆಟ್ಟದ ಶಿಲೆಯೂ ಇದೇ ಜಾತಿಯದು. ಚಾಮರಾಜನಗರದ ಕಡೆಯಿಂದ ಬಂದವರು ಇಲ್ಲಿ ಪೂರ್ತಿ ಪರಕೀಯರೇನಲ್ಲ ಎಂದಾಯಿತು.

ಇನ್ನು ಕನ್ನಡ ನಾಡಿನ ಮಾತು. ಬೆಳಗಾವಿ, ಧಾರವಾಡ, ಕಲಾದಗಿಗಳ ಸೀಮೆಯನ್ನು ಕುರಿತ ಫೂಟರ ಗ್ರಂಥ 1876ರಲ್ಲಿ ಅಚ್ಚಾಯಿತು. ಆಗಿನ ದಫ್ತರಗಳಲ್ಲಿ ಆ ಸೀಮೆಯ ಹೆಸರು 'ದಕ್ಷಿಣ ಮರಾಠಾ ದೇಶ'. ಗ್ರಂಥಕ್ಕೂ ಅದೇ ಹೆಸರು. ಆದರೆ 1880ರ ದಶಕದಲ್ಲಿ ಅಲ್ಲಿಯ ಪುರಾತನ ಶಿಲಾವರ್ಗಕ್ಕೆ ಹೆಸರಿಡುವಾಗ ಅವರು ಆರಿಸಿದ್ದು 'ಧಾರವಾಡ'ವನ್ನು. ದಫ್ತರದ ಹೆಸರು ಹೋಯಿತು, ಕಲ್ಲಿನ ಹೆಸರು ಉಳಿಯಿತು. ಜಗತ್ತಿನ ಯಾವ ಭೂಗರ್ಭಶಾಸ್ತ್ರಜ್ಞನನ್ನು ಕೇಳಿದರೂ ಧಾರವಾಡ ಅವನಿಗೆ ಗೊತ್ತು. ಪೇಡೆಯ ವಿಚಾರ ಗೊತ್ತಿರಲಾರದು. ದಕ್ಷಿಣದ ಚಿನ್ನ ಮುಖ್ಯವಾಗಿ ಈ ಶಿಲೆಗಳ ಪಟ್ಟಿಗಳಲ್ಲಿದೆಯೆಂದು ತೋರಿಸಿಕೊಟ್ಟವರೂ ಅವರೇ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿಯದು ನಡೆಯುತ್ತಿದೆ.

ಬಳ್ಳಾರಿ ಜಿಲ್ಲೆಯ ಗ್ರಂಥ ಬಂದದ್ದು 1895ರಲ್ಲಿ. ಸಂಡೂರಿನ ಕಬ್ಬಿಣದ ಅದಿರು ಅದರಲ್ಲಿದೆ. ಬಳ್ಳಾರಿಯ ಬಳಿಯ ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಕರಿಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದ ಕಾರ್ಖಾನೆಯನ್ನೇ ಅವರು ಕಂಡಿದ್ದರು. ಸುಮಾರು 40 ವರ್ಷ ಕೂಡಿಸಿದ ಆಯುಧ, ಮಡಕೆಚೂರುಗಳನ್ನು 1904ರಲ್ಲಿ ಮದರಾಸಿನ ಸಂಗ್ರಹಾಲಯ ಕೊಂಡುಕೊಂಡಿತು. ಬಳ್ಳಾರಿ, ಮಸ್ಕಿ, ಲಿಂಗಸುಗೂರು, ತಿರುಮಕೂಡಲು ನರಸೀಪುರ, ಎಲ್ಲವೂ ಅದರಲ್ಲಿವೆ. ಫೂಟರು 1912ರಲ್ಲಿ ತೀರಿಕೊಂಡರು. ಅವರ ಪಟ್ಟಿ 1914ರಲ್ಲಿ ಅಚ್ಚಾಯಿತು.

ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ಕಲ್ಲುಗಳು ಇಲ್ಲೇ ಉಳಿದವು. ಅವನ್ನು ಮರಳಿ ಕೇಳಬೇಡವೇ ಎಂದು ಯಾರಾದರೂ ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಬೇಡ. ಸಂಗ್ರಹವನ್ನು ಒಡೆದು ಹಂಚಿದರೆ ಪಟ್ಟಿಗೂ ವಸ್ತುವಿಗೂ ಇರುವ ನಂಟು ತಪ್ಪುತ್ತದೆ. ಊರ ಹೆಸರಿನ ಚೀಟಿ ಕಳೆದುಹೋದ ಕೊಡಲಿ ಯಾವ ಊರಿನದೂ ಅಲ್ಲ. ಅದರಿಂದ ಯಾರೂ ಏನನ್ನೂ ತಿಳಿಯಲಾರರು. ನಾವು ಕೇಳಬೇಕಾದ್ದು ಆ ಚೀಟಿಗಳು ಅಳಿಯದಂತೆ ಕಾಯಬೇಕೆಂಬುದನ್ನು. ಅವುಗಳ ಪಕ್ಕದಲ್ಲಿ ಕನ್ನಡದಲ್ಲೂ ಊರ ಹೆಸರು ಬರೆದರೆ ಇನ್ನೂ ಸಂತೋಷ.

ರಜೆಗೆ ಊರಿಗೆ ಹೋದ ಮಕ್ಕಳು ಜೇಬಿನ ತುಂಬ ಕಲ್ಲು ತರುತ್ತಾರೆ. ತಾಯಂದಿರು ಅವನ್ನು ಎಸೆಯುವ ಮುನ್ನ, ಯಾವ ಹಳ್ಳದ್ದು, ಯಾವ ತಾರೀಖಿನದು ಎಂದು ಒಂದು ಚೀಟಿ ಬರೆಸಲಿ. ಎಗ್ಮೋರಿಗೂ ಒಮ್ಮೆ ಕರೆದೊಯ್ಯಲಿ. ಶುಕ್ರವಾರ ಬೇಡ, ಅಂದು ಬಾಗಿಲು ಮುಚ್ಚಿರುತ್ತದೆ.